ಪದಚರ್ಚೆ: ‘ಇಂಡಿಜಿನಸ್’ – ಬುಡಕಟ್ಟೋ, ಆದಿವಾಸಿಯೋ? (ತುರ್ತು)

ಯಾರಾದಂಡೆ:
ಬಲ್ಲವರಿಗೆ ನಮಸ್ಕಾರ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಮ್ಮ ಕನ್ನಡ ವಿದ್ಯಾರ್ಥಿಗಳ ರಾಜ್ಯೋತ್ಸವವಿದೆ. ಇಲ್ಲಿ ಸಭೆ ಶುರುವಾಗುವ ಮೊದಲು ಆ ನೆಲದ ಮೂಲ ಜನರನ್ನು ನೆನೆಯುವ ವಾಡಿಕೆ. ಕಾರ್ಯಕ್ರಮ ಪೂರಾ ಕನ್ನಡದಲ್ಲಿರುವಾಗ ಇದೊಂದನ್ನು ಇಂಗ್ಲಿಷಿನಲ್ಲಿ ಹೇಳಲು ಮನಸ್ಸಿಲ್ಲ. ಬಾಗಿಲಿಗೆ ಫಲಕವೂ ಬೇಕು, ಶುಕ್ರವಾರ ಮುದ್ರಣಕ್ಕೆ ಹೋಗುತ್ತದೆ. ಗೆಳೆಯರೊಬ್ಬರ ಕರಡು ಹೀಗಿದೆ: “ಈ ದೇಶದ ಒಡೆಯರಾಗಿದ್ದ ಬುಡಕಟ್ಟು ಜನಾಂಗದವರನ್ನು ಸ್ವಾಗತಿಸುತ್ತೇವೆ, ಬುಡಕಟ್ಟು ವಿದ್ಯಾರ್ಥಿಗಳು, ಸಿಬ್ಬಂದಿ ಹಾಗೂ ಅವರ ಜಾನಪದವನ್ನು ಗೌರವಿಸುತ್ತೇವೆ.” ಓದಿದರೆ ಕಸಿವಿಸಿಯಾಗುತ್ತದೆ. ಇಂಗ್ಲಿಷಿನ ‘ಇಂಡಿಜಿನಸ್’ (ಕರಡಿನಲ್ಲಿ ‘ಬುಡಕಟ್ಟು’), ‘ಕಂಟ್ರಿ’ (‘ದೇಶ’), ‘ನಾಲೆಜಸ್’ (‘ಜಾನಪದ’) – ಈ ಮೂರಕ್ಕೆ ಏನು ಹಾಕಲಿ?

ನಿಘಂಟುಪ್ರಿಯ:
ಆದಿವಾಸಿ. ಇದರಲ್ಲಿ ಚರ್ಚೆಗೇನಿದೆ? ‘ಮೂಲನಿವಾಸಿ’ ಬೇಡ, ನಮ್ಮಲ್ಲಿ ಅದು ದಲಿತ, ಹಿಂದುಳಿದ ವರ್ಗಗಳನ್ನೂ ಒಳಗೊಂಡ ಚಳವಳಿಯ ಪದ. ಯಾರಾದರೂ ‘ವನವಾಸಿ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಸಂವಿಧಾನ ಸಭೆಯಲ್ಲಿ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ‘ಬನಜಾತಿ’ (ಕಾಡಿನ ಜಾತಿ) ಎಂಬುದನ್ನು ತಳ್ಳಿಹಾಕಿ ‘ಆದಿವಾಸಿ’ಗಾಗಿ ವಾದಿಸಿದ್ದರು. ಸಂವಿಧಾನದೊಳಕ್ಕೆ ಹೋದದ್ದು ಮಾತ್ರ ‘ಪರಿಶಿಷ್ಟ ಪಂಗಡ’.

ಅಚ್ಚನುಡಿ:
ಆದಿಯೂ ಸಕ್ಕದ (ಸಂಸ್ಕೃತ), ವಾಸಿಯೂ ಸಕ್ಕದ. ನೆಲದ ಮೊದಲ ಮಂದಿಯನ್ನು ಕರೆಯಲು ಎರವಲು ಒರೆಯೇ ಆಗಬೇಕೆ? ಬುಡ ಎಂದರೆ ಬೇರೂರಿದ ತಾವು, ಕಟ್ಟು ಎಂದರೆ ಕೂಡಿ ಬಾಳುವ ಕಟ್ಟಳೆ. ಬುಡಕಟ್ಟು ಹಳಿದಾಡುವ ಮಾತಲ್ಲ, ಹಾಗೆ ಮಾಡಿದವರು ಓದಿದವರು. ಅದು ಬೇಡವಾದರೆ ‘ನೆಲದ ಮೊದಲಿಗರು’ ಎನ್ನಿ.

ನಿಘಂಟುಪ್ರಿಯ:
‘ಮೊದಲಿಗರು’ ಎಂದರೆ ಓಟದಲ್ಲಿ ಗೆದ್ದವರು.

ಹಾಡಿಮನೆ:
ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವೇ ಇದೆ, ಪದಕ್ಕೆ ಮೈಲಿಗೆಯೇನಿಲ್ಲ. ಆದರೆ ಕೇಳಿದವರ ಸಮಸ್ಯೆ ಅದಲ್ಲವಲ್ಲ. ಆಸ್ಟ್ರೇಲಿಯಾದಲ್ಲಿ ಬಿಳಿಯರು ಬರುವಾಗ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಟಾರೆಸ್ ಜಲಸಂಧಿಯ ದ್ವೀಪದವರು ತಮ್ಮನ್ನು ಅಬೊರಿಜಿನಲ್ ಜನರಿಂದ ಬೇರೆಯೆಂದೇ ಎಣಿಸುತ್ತಾರೆ, ಅದಕ್ಕೇ ಅಲ್ಲಿ ಎರಡೂ ಹೆಸರು ಹೇಳುವುದು. ಎಲ್ಲರನ್ನೂ ಒಂದೇ ಪದದ ಗೋಣಿಗೆ ತುಂಬುವ ಹಟವೇಕೆ? ನೀವು ನಿಲ್ಲುವುದು ವುರುಂಡ್ಜೆರಿ ಜನರ ನೆಲದ ಮೇಲೆ. ಅವರ ಹೆಸರನ್ನೇ ಹೇಳಿ.

ಕರಡಿನಲ್ಲಿ ಅದಕ್ಕಿಂತ ದೊಡ್ಡ ತಪ್ಪು ‘ಒಡೆಯರಾಗಿದ್ದ’. ನೆಲವನ್ನು ತಾವು ಯಾರಿಗೂ ಬರೆದುಕೊಟ್ಟಿಲ್ಲ ಎಂಬುದೇ ಅವರ ವಾದ. ಭೂತಕಾಲ ಬಳಸಿ ನೀವೇ ಕ್ರಯಪತ್ರ ಮಾಡಿಕೊಟ್ಟಿದ್ದೀರಿ! ‘ಒಡೆಯರಾದ’ ಎನ್ನಿ. ‘ಸ್ವಾಗತಿಸುತ್ತೇವೆ’ಯನ್ನೂ ತೆಗೆಯಿರಿ. ಸ್ವಾಗತ ಕೋರುವ ಹಕ್ಕು ಆ ನೆಲದವರದು. ನೀವು ನೆಂಟರು, ನಿಮ್ಮದು ನೆನಕೆ ಮಾತ್ರ.

‘ಜಾನಪದ’ವಂತೂ ಬೇಡವೇ ಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿಗೆ ತರಗುಬೆಂಕಿ, ಅಂದರೆ ನೆಲದ ತರಗೆಲೆ ಸುಡುವ ಸಣ್ಣ ಬೆಂಕಿ, ಇಡುತ್ತಿದ್ದರು. ಅರಣ್ಯ ಇಲಾಖೆ ನಿಲ್ಲಿಸಿತು, ಲಂಟಾನ ಎಂಬ ಕಳೆಗಿಡ ತುಂಬಿಕೊಂಡಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತೆಂದು ಸೋಲಿಗರು ಹೇಳಿದ್ದನ್ನು ಸಂಶೋಧಕರು ಆಮೇಲೆ ಪ್ರಬಂಧವಾಗಿ ಬರೆದರು. ಆಸ್ಟ್ರೇಲಿಯಾದಲ್ಲೂ ಇಂಥ ಸಣ್ಣ ಬೆಂಕಿಯ ತಿಳಿವಳಿಕೆ ಈಗ ವಿಶ್ವವಿದ್ಯಾಲಯಗಳಿಗೆ ಬೇಕಾಗಿದೆ. ಅದನ್ನು ಕೋಲಾಟದ ಪಕ್ಕ ಕೂರಿಸಬೇಡಿ. ಬಹುವಚನ ಬೇಕಾದರೆ ‘ಅರಿವಿನ ಪರಂಪರೆಗಳು’.

ಅಚ್ಚನುಡಿ:
ಅರಿವು ಸರಿ. ಪರಂಪರೆ ಯಾಕೆ?

ನಿಘಂಟುಪ್ರಿಯ:
‘ಅರಿವುಗಳು’ ಎಂದು ಯಾವ ಅಜ್ಜಿ ಆಡಿದ್ದನ್ನು ಕೇಳಿದ್ದೀರಿ ಸ್ವಾಮಿ? ‘ಕಂಟ್ರಿ’ಗೆ ದೇಶ ಎಂದರೆ ಪಾಸ್‌ಪೋರ್ಟಿನ ವಾಸನೆ, ‘ನಾಡು’ ಹಾಕಿ.

ಹಾಡಿಮನೆ:
ಕನ್ನಡದಲ್ಲಿ ನಾಡಿಗೆ ಎದುರು ಕಾಡು. ಅವರ ‘ಕಂಟ್ರಿ’ಯಲ್ಲಿ ಕಾಡು, ನೀರು, ಆಕಾಶ, ಸತ್ತ ಹಿರಿಯರು ಎಲ್ಲ ಸೇರಿದ್ದಾರೆ.

ಅಚ್ಚನುಡಿ:
ಮಲೆನಾಡಿನಲ್ಲಿ ಕಾಡಿಲ್ಲವೇ? ನಾಡೇ ಸರಿ. (ನಿಘಂಟುಪ್ರಿಯರ ಜೊತೆ ಒಪ್ಪಬೇಕಾದ್ದಕ್ಕೆ ಬೇಸರವಿದೆ.)

ಹಾಡಿಮನೆ:
ಮಲೆನಾಡಿನ ಮಾತು ಒಪ್ಪಿದೆ. ಇಂಗ್ಲಿಷಿನವರು ದೊಡ್ಡಕ್ಷರ ಹಾಕಿ ಆ ಪದವನ್ನು ಬೇರೆ ಮಾಡುತ್ತಾರೆ, ನಮ್ಮ ಲಿಪಿಯಲ್ಲಿ ಆ ಸೌಲಭ್ಯವಿಲ್ಲ. ‘ಈ ನೆಲ–ಜಲದ ನಾಡು’ ಅಂದರೆ ಹತ್ತಿರ ಬರಬಹುದು. ಅಂದಹಾಗೆ, ನಿಮ್ಮ ವಿಶ್ವವಿದ್ಯಾಲಯದಲ್ಲೇ ಮುರಪ್ ಬರಾಕ್ ಕೇಂದ್ರವಿದೆಯಲ್ಲ, ವುರುಂಡ್ಜೆರಿ ಮುಂದಾಳು ವಿಲಿಯಂ ಬರಾಕ್ ಹೆಸರಿನದು? ಆ ಕೇಂದ್ರದವರ ಕೆಲಸವೇ ಮೂಲ ಜನರ ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲುವುದು. ಇಲ್ಲಿ ನಾವು ಧಾತು ಹುಡುಕುವುದಕ್ಕಿಂತ ಅವರನ್ನೊಮ್ಮೆ ಕೇಳಿ.

ಯಾರಾದಂಡೆ:
ಕೇಳಿದೆ. ಜನರ ಹೆಸರಿರಲಿ, ವರ್ತಮಾನಕಾಲವಿರಲಿ ಎಂದರು. ಮುದ್ರಣಕ್ಕೆ ಹೋದದ್ದು: “ಈ ನೆಲ–ಜಲದ ನಾಡಿನ ಒಡೆಯರಾದ ವುರುಂಡ್ಜೆರಿ ಜನರನ್ನೂ ಅವರ ಹಿರಿಯರನ್ನೂ ಗೌರವದಿಂದ ನೆನೆಯುತ್ತೇವೆ. ಇಲ್ಲಿ ಕಲಿಯುವ, ಕಲಿಸುವ, ದುಡಿಯುವ ಅಬೊರಿಜಿನಲ್ ಹಾಗೂ ಟಾರೆಸ್ ಜಲಸಂಧಿ ದ್ವೀಪಗಳ ಜನರಿಗೂ ಅವರ ಅರಿವಿನ ಪರಂಪರೆಗಳಿಗೂ ನಮ್ಮ ಮನ್ನಣೆ.”

ನಿಘಂಟುಪ್ರಿಯ:
ಕೊನೆಗೆ ‘ಅಬೊರಿಜಿನಲ್’ ಎಂಬ ಲ್ಯಾಟಿನ್ ಉಳಿಯಿತು, ‘ಆದಿವಾಸಿ’ ಹೋಯಿತು. ಇದ್ಯಾವ ಕನ್ನಡ?

ಅಚ್ಚನುಡಿ:
ಸಕ್ಕದಕ್ಕಿಂತ ವಾಸಿ. ಇನ್ನು ಎರವಲು ಬೇಡವೆಂದರೆ ‘ಮೆಲ್ಬರ್ನ್’ ಕೂಡ ಬ್ರಿಟನ್ನಿನ ಪ್ರದಾನಿಯೊಬ್ಬನ ಹೆಸರು. ಆ ನೆಲದವರ ಹೆಸರು ನಾರ್ಮ್. ಪಲಕದಲ್ಲಿ ಅದನ್ನು ಹಾಕಿದಿರಾ?

ಯಾರಾದಂಡೆ:
ಹಾಕಿದ್ದೇವೆ, ಎರಡೂ. ನಾರ್ಮ್ ಮೊದಲು.