ನಮ್ಮ ಓಣಿ ಮೊಬೈಲ್ ಟವರ್: ಸೋಮವಾರದ ಅರ್ಜಿಯಾಗ ಏನ್ ಬರೀಬೇಕು?

ಮನೆ ನಂ. 17:
ಎಲ್ಲಾರಿಗೂ ನಮಸ್ಕಾರ್ರಿ. ಮೂಲಿಮನಿ ಮಾಳಿಗಿ ಮ್ಯಾಲಿನ ಟವರ್ ಸಂಕ್ರಾಂತಿ ಆದಮ್ಯಾಲೆ ಚಾಲೂ ಆತು. ಅವಾಗಿಂದ ನಮ್ಮ ಎಮ್ಮಿ ಹಾಲು ಇಳಿಸೈತಿ. ಮುಂಜಾನಿ ನಾಕೂವರಿ ಲೀಟರ್ ಕೊಡ್ತಿತ್ತು, ಈಗ ಮೂರು ದಾಟವಲ್ದು. ಕಾವಿಗೆ ಕುಂದರ್ಸಿದ ಕೋಳಿ ಕೆಳಗ 12 ತತ್ತಿ ಇಟ್ಟಿದ್ದೆ, ನಾಕ ಮರಿ ಬಂದ್ವು. ಮನಿಯಾಗ ಸಣ್ಣ ಕೂಸು ಐತಿ, ಅಂಜಿಕಿಗೆ ನಿದ್ದಿ ಹತ್ತವಲ್ದು. ಸೋಮವಾರ ಎಲ್ಲಾರೂ ಕೂಡಿ ನಗರಸಭೆಗೆ ಹೋಗೂನು. ಟವರ್ ಕೀಳಿಸೂತನಕ ಬಿಡೂದು ಬ್ಯಾಡ.

ಮನೆ ನಂ. 4:
ಅಕ್ಕಾರ, ನಾವೂ ಬರ್ತೀವಿ. ಒಂದು ವಿಡಿಯೋ ಹಾಕೀನಿ ನೋಡ್ರಿ, 5ಜಿ ಹಚ್ಚಿದ್ದಕ್ಕ ಹಾಲೆಂಡಿನಾಗ ನೂರಾರು ಹಕ್ಕಿ ಸತ್ತು ಬಿದ್ದಾವಂತ. ಅರ್ಜಿ ಜೋಡಿ ಇದನ್ನೂ ತೋರಿಸೂನು.

ಮನೆ ನಂ. 22 (ಮಾಸ್ತರ):
ತಮ್ಮಾ, ಆ ವಿಡಿಯೋ ಮಾತ್ರ ಬ್ಯಾಡ. ಹೇಗ್ ನಗರದ ಪಾರ್ಕಿನಾಗ ಹಕ್ಕಿ ಸತ್ತಿದ್ದು 2018ರ ಅಕ್ಟೋಬರ್, ನವೆಂಬರ್‌ನಾಗ. ಅಲ್ಲಿ 5ಜಿ ಪರೀಕ್ಷೆ ನಡೆದದ್ದು ಜೂನ್‌ನಾಗ, ಅದೂ ಒಂದೇ ದಿನ. ಅಧಿಕಾರಿಗಳು ಇದೊಂದು ಸುಳ್ಳು ಹಿಡಿದ್ರ ಸಾಕು, ನಮ್ಮ ಖರೇ ಮಾತೂ ಮೂಲಿಗೆ ಬೀಳ್ತಾವ.

ಅಕ್ಕಾರ, ನಿಮ್ಮ ಅಂಜಿಕಿ ನನಗ ತಿಳೀತೈತಿ. 30 ವರ್ಷ ವಿಜ್ಞಾನ ಕಲಿಸೀನಿ, ಗೊತ್ತಿದ್ದಷ್ಟು ಹೇಳ್ತೀನಿ. ಟವರಿನ ರೇಡಿಯೋ ಅಲಿ ಎಕ್ಸ್‌ರೇ ಇದ್ದಂಗಲ್ಲ, ಅಣುವನ್ನು ಒಡಿಯೂವಷ್ಟು ಶಕ್ತಿ ಅದಕ್ಕಿಲ್ಲ. ಮೈಯಾಗಿನ ನೀರಿನ ಅಣುಗಳನ್ನ ಅಲ್ಲಾಡಿಸಿ ಬಿಸಿ ಮಾಡ್ತೈತಿ. ಅಲಿ ಭಾಳ ಜೋರಿದ್ರ ಆ ಬಿಸಿ ಕೆಡಕು ಮಾಡೂದು ಖರೇ. ಕಣ್ಣಿನ ಮಸೂರಕ್ಕ ರಕ್ತ ಹರಿಯೂದಿಲ್ಲ, ಬಿಸಿ ಹೊತ್ತೊಯ್ಯಾಕ ಯಾರೂ ಇಲ್ಲ. ಹಂಗಾಗಿ ಮೊಲದ ಕಣ್ಣಿಗೆ ಜೋರು ಮೈಕ್ರೋವೇವ್ ಬಿಟ್ಟಾಗ ಪೊರೆ ಬಂದೈತಿ. ಪ್ರಾಣಿಗಳ ಮೈತೂಕದ ಕಿಲೋಕ್ಕ ಸುಮಾರು 4 ವ್ಯಾಟ್ ಹೀರಿದಾಗ ಮೈ ಬಿಸಿ ಒಂದು ಡಿಗ್ರಿಯಷ್ಟು ಏರಿ, ಅವು ಕಲಿತ ಕೆಲಸ ಬಿಟ್ಟು ಸುಮ್ಮನಾದ್ವು. ಅದರ ಐವತ್ತರಾಗ ಒಂದು ಪಾಲು, ಕಿಲೋಕ್ಕ 0.08 ವ್ಯಾಟ್, ಜನರಿಗೆ ಮಿತಿ ಅಂತ ಇಟ್ರು.

ಬಿಸಿ ಆಗದಷ್ಟು ಕಡಿಮಿ ಅಲಿ ವರ್ಷಗಟ್ಟಲೆ ಬಿದ್ರ ಏನಾಗ್ತೈತಿ ಅನ್ನೂದ್ರಾಗ ಇನ್ನೂ ಒಮ್ಮತ ಇಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆ ದಿನಕ್ಕ 9 ತಾಸಿನಂಗ ಎರಡು ವರ್ಷ ಇಲಿಗಳಿಗೆ ಅಲಿ ಬಿಟ್ಟು ನೋಡಿ 2018ರಾಗ ವರದಿ ಕೊಟ್ಟಿತು. ಗಂಡು ಇಲಿಗಳ ಹೃದಯದಾಗ ನರದ ಹೊದಿಕೆಯ ಗಡ್ಡಿ ಕಂಡ್ವು. ಆದ್ರ ಅದೇ ಗಂಡು ಇಲಿಗಳು ಅಲಿ ಬೀಳದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದ್ವು. ಇಟಲಿಯ ಬೊಲೋನ್ಯಾದಾಗ ಟವರಿನಂಥದ್ದೇ ಅಲಿಯನ್ನ ದಿನಕ್ಕ 19 ತಾಸು ಬಿಟ್ಟಾಗಲೂ ಅಂಥದ್ದೇ ಗಡ್ಡಿ ಕಂಡಾವ, ಅದು ಅಲಿಯ ಜೋರು ಮೀಟರಿಗೆ 50 ವೋಲ್ಟ್ ಇದ್ದಾಗ. ಲೆಕ್ಕ ಹಾಕಿದ್ರ ಚದರ ಮೀಟರಿಗೆ ಆರೂವರಿ ವ್ಯಾಟ್ ಆಗ್ತೈತಿ. ನಮ್ಮ ದೇಶದಾಗ 2012ರ ಸೆಪ್ಟೆಂಬರ್ 1ಕ್ಕ ಜಾರಿಗೆ ತಂದ ಮಿತಿ 900 ಮೆಗಾಹರ್ಟ್ಜ್ ಅಲಿಗೆ ಚದರ ಮೀಟರಿಗೆ 0.45 ವ್ಯಾಟ್, ಅಂದ್ರ ಅದಕ್ಕಿಂತ ಭಾಳ ಕಡಿಮಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಾಗ ಈ ಅಲಿಗಳನ್ನ 'ಕ್ಯಾನ್ಸರ್ ತರಬಹುದು' ಅನ್ನೂ ಗುಂಪಿನಾಗ ಇಟ್ಟೈತಿ. ತರತೈತಿ ಅಂತ ಹೇಳಿಲ್ಲ, ಇಲ್ಲ ಅಂತಾನೂ ಹೇಳಿಲ್ಲ.

ಇನ್ನ ನಿಮ್ಮ ಎಮ್ಮಿ. ನಿನ್ನೆ ಮಧ್ಯಾಹ್ನ ಎರಡಕ್ಕ ನಿಮ್ಮ ಮನಿಗೆ ಬಂದಾಗ ದನದ ಶೆಡ್ಡಿನ ತಗಡಿಗೆ ಕೈ ಹಚ್ಚಿದೆ, ಹಿಡಿಯಾಕ ಆಗಲಿಲ್ಲ. ಎಮ್ಮಿ ನಾಲಗಿ ಹೊರಗ ಹಾಕಿ ತೇಕತಿತ್ತು, ಅದು ನೀರು ಕುಡಿಯೂ ದೋಣಿಯಾಗ ನೀರು ತಳಕ್ಕ ಹತ್ತಿತ್ತು. ಕರಿ ಮೈ, ಬೆವರು ಕಡಿಮಿ, ಎಮ್ಮಿಗೆ ಬಿಸಲು ತಡಿಯೂದಿಲ್ಲ. ಅದು ಈದು ಎಂಟು ತಿಂಗಳಾತು ಅಂದ್ರಿ, ಹಾಲು ಇಳಿಯೂ ಕಾಲಾನೂ ಹೌದು. ಕೋಳಿ ಬುಟ್ಟಿ ಅದೇ ತಗಡಿನ ಕೆಳಗ ಐತಿ. ತತ್ತಿಗೆ ಮೂವತ್ತೇಳೂವರಿ ಡಿಗ್ರಿ ಕಾವು ಬೇಕು, ನಲವತ್ತು ದಾಟಿ ತಾಸುಗಟ್ಟಲೆ ಇದ್ರ ಒಳಗಿನ ಮರಿ ಸಾಯ್ತೈತಿ.

ಮನೆ ನಂ. 9:
ಹಂಗಾರ ಟವರ್ ಇರ್ಲಿ ಅಂತೀರೇನ್ರಿ ಸರ? ರಾತ್ರಿ ಕರೆಂಟ್ ಹೋದ್ರ ಅದರ ಜನರೇಟರ್ ಹೊಗಿ ನಮ್ಮ ಅಡಗಿಮನಿಗೆ ತುಂಬತೈತಿ. ನಮ್ಮ ಅವ್ವಗ ದಮ್ಮು ಐತಿ.

ಮನೆ ನಂ. 22 (ಮಾಸ್ತರ):
ಇರ್ಲಿ ಅಂದಿಲ್ಲ ಅಣ್ಣಾರ. ಏನು ಕೇಳಬೇಕು ಅನ್ನೂದನ್ನ ಸರಿಯಾಗಿ ಕೇಳೂನು ಅಂದೆ. ಜನರೇಟರ್ ಮಾತೇ ಅರ್ಜಿಯಾಗ ಮೊದಲು ಬರ್ಲಿ. ಹೊಗಿ ಕಣ್ಣಿಗೆ ಕಾಣ್ತೈತಿ, ಅವ್ವಾರ ದವಾಖಾನಿ ಚೀಟಿ ಕೈಯಾಗ ಐತಿ. ಆಮ್ಯಾಲೆ ಆ ಹಳೇ ಮಾಳಿಗಿ ಅಷ್ಟು ಭಾರ ತಡೀತೈತೇನು, ಎಂಜಿನಿಯರ್ ಪ್ರಮಾಣಪತ್ರ ಎಲ್ಲೈತಿ? ಮೂರನೇದು ಅಲಿ ಅಳತಿ. ದೂರಸಂಪರ್ಕ ಇಲಾಖೆ 2017ರಾಗ 'ತರಂಗ್ ಸಂಚಾರ್' ಅಂತ ಜಾಲತಾಣ ಮಾಡೈತಿ. ಟವರ್ ಮಿತಿಯೊಳಗ ಐತೋ ಇಲ್ಲೋ ಅದರಾಗ ನೋಡಬಹುದು, ಶುಲ್ಕ ಕಟ್ಟಿ ಅಳತಿಯನ್ನೂ ಕೇಳಬಹುದು. ಶುಲ್ಕ ಎಲ್ಲಾ ಮನಿಯವರೂ ಹಂಚಿಕೊಳ್ಳೂನು.

ಅಳತಿ ಮಾಡಾಕ ಬಂದವರನ್ನ ಟವರ್ ಬುಡಕ್ಕ ನಿಲ್ಲಿಸಿ ಕಳಿಸಬ್ಯಾಡ್ರಿ. ಆಂಟೆನಾದ ಅಲಿ ಮುಂದಕ್ಕ, ಸ್ವಲ್ಪ ಬಾಗಿ ಹೋಗ್ತೈತಿ, ಬುಡದಾಗ ಕಡಿಮಿ. ಎದುರಿನ ಮನೆ ನಂ. 12ರ ಎರಡನೇ ಮಾಳಿಗಿ ಆಂಟೆನಾದ ಎತ್ತರಕ್ಕ ಸಮ ಐತಿ. ಅಲ್ಲಿ ಅಳೀಬೇಕು.

ಮನೆ ನಂ. 31:
ಸರ, ನಮ್ಮ ಓಣ್ಯಾಗ ಗುಬ್ಬಿ ಹೋಗಿದ್ದೂ ಟವರಿಂದನ ಅಂತಾರಲ್ರಿ?

ಮನೆ ನಂ. 22 (ಮಾಸ್ತರ):
ಬೆಲ್ಜಿಯಂ, ಸ್ಪೇನ್‌ನಾಗ ಅಲಿ ಹೆಚ್ಚಿದ್ದ ಕಡೆ ಗುಬ್ಬಿ ಕಡಿಮಿ ಎಣಿಸ್ಯಾರ್ರಿ, 2007ರಾಗ ಬಂದ ಲೇಖನಗಳವು. ಆದ್ರ ಅಲಿ ಹೆಚ್ಚಿರೂ ಕಡೆ ಮನಿ, ವಾಹನಾನೂ ಹೆಚ್ಚು. ನಮ್ಮಲ್ಲಿ ಮಣ್ಣಿನ ಮಾಳಿಗಿ ಕೆಡವಿ ಆರ್‌ಸಿಸಿ ಹಾಕಿದ್ವಿ, ಜಂತಿ ಸಂದಿ ಹೋತು, ಗೂಡಿಗೆ ಜಾಗ ಇಲ್ಲ. ಇದನ್ನ ಅರ್ಜಿಗೆ ಸೇರಿಸೂದು ಬ್ಯಾಡ.

ಮನೆ ನಂ. 9:
ಆತ್ರಿ. ಜನರೇಟರ್ ಹೊಗಿ ಫೋಟೋ ನಾ ತರ್ತೀನಿ. ಸೋಮವಾರ ಹತ್ತಕ್ಕ ಹನುಮಪ್ಪನ ಗುಡಿ ಕಟ್ಟಿಗೆ ಎಲ್ಲಾರೂ ಬರ್ರಿ.

ಮನೆ ನಂ. 4:
ವಿಡಿಯೋ ತೆಗೆದೀನ್ರಿ ಸರ. ಅರ್ಜಿ ನಾ ಟೈಪ್ ಮಾಡ್ತೀನಿ.

ಮನೆ ನಂ. 17:
ಮಾಸ್ತರ, ಇವತ್ತ ತಗಡಿನ ಮ್ಯಾಲೆ ಜ್ವಾಳದ ಸೊಪ್ಪಿ ಹಾಸಿಸೀನಿ, ದೋಣಿಗೆ ಎರಡು ಹೊತ್ತು ನೀರು ಹೊಯ್ದೆ. ಒಡೀದ ಎಂಟು ತತ್ತಿ ಇನ್ನೂ ಬುಟ್ಟ್ಯಾಗ ಅದಾವ. ಒಗಿಲೇನ್ರಿ?

ಮನೆ ನಂ. 22 (ಮಾಸ್ತರ):
ಒಗಿಬ್ಯಾಡ್ರಿ ಅಕ್ಕಾರ. ನಾಳೆ ಪಶು ದವಾಖಾನಿಗೆ ಒಯ್ಯೂನು. ಒಡೆದು ನೋಡಿದ್ರ ಮರಿ ಎಷ್ಟು ದಿನದಾಗಿದ್ದಾಗ ಸತ್ತೈತಿ ಅಂತ ಡಾಕ್ಟರ್ ಹೇಳ್ತಾರ. ಕೋಳಿ ಕುಂತ ತಾರೀಖು ಬರದಿಟ್ಟುಕೊಳ್ರಿ.