ಪದಚರ್ಚೆ: ಕೂಸಿಗೆ ‘ಮುದುಕ’ ಎಂಬ ಹೆಸರು

ಗೆಳೆಯರೇ,

‘ಆಲ್ಟರ್’ ಅಂದರೆ ನಮಗೆ ನೆನಪಾಗುವುದು ಟೈಲರ್ ಅಂಗಡಿ. ಅದು ಇಂಗ್ಲಿಷಿನ ಪದ, ಲ್ಯಾಟಿನ್ ಮೂಲದ್ದು. ನಾನು ಹೇಳಹೊರಟಿದ್ದು ಪೂರ್ವ ಯುರೋಪಿನ ಯೆಹೂದಿಗಳ ಯಿಡ್ಡಿಷ್ ನುಡಿಯ ಆಲ್ಟರ್ ಬಗ್ಗೆ. ಇದು ಗಂಡುಮಕ್ಕಳ ಹೆಸರು. ಅರ್ಥ: ಮುದುಕ!

‘ಆಲ್ಟ್’ ಅಂದರೆ ಹಳೆಯ, ವಯಸ್ಸಾದ. ಜರ್ಮನ್ನಿನಲ್ಲೂ ಇದೇ ಪದವಿದೆ. ಗಂಡಸಿನ ಬಗ್ಗೆ ಹೇಳುವಾಗ ‘ಎರ್’ ಸೇರಿ ಆಲ್ಟರ್ ಆಗುತ್ತದೆ, ಹೆಂಗಸಿಗಾದರೆ ಆಲ್ಟೆ. ನಮ್ಮ ಮುದುಕ, ಮುದುಕಿ ಇದ್ದ ಹಾಗೆ. ಆಲ್ಟೆ ಕೂಡ ಹೆಣ್ಣುಮಕ್ಕಳ ಹೆಸರಾಗಿತ್ತು.

ತೊಟ್ಟಿಲಲ್ಲಿರುವ ಕೂಸಿಗೆ ಈ ಹೆಸರೇಕೆ? ಹಿಂದೆ ಹುಟ್ಟಿದ ಮಕ್ಕಳು ಉಳಿದಿರುವುದಿಲ್ಲ. ಅಥವಾ ಈ ಮಗುವಿಗೇ ಕಾಯಿಲೆ. ಸಾವಿನ ದೂತ ಮಗುವನ್ನು ಹುಡುಕಿಕೊಂಡು ಬಂದರೆ ಮನೆಯವರೆಲ್ಲ ‘ಮುದುಕ, ಮುದುಕ’ ಎಂದು ಕರೆಯುವುದು ಕೇಳಿಸಬೇಕು. ಇಲ್ಲಿ ಮಗುವೇ ಇಲ್ಲ ಎಂದುಕೊಂಡು ಅವನು ಹೊರಟುಹೋಗಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಮಗುವಿನ ನಿಜವಾದ ಹೆಸರನ್ನು ಬಾಯಿಗೇ ತರುತ್ತಿರಲಿಲ್ಲ. ಹೆಸರಿನೊಳಗೆ ಒಂದು ಹಾರೈಕೆಯೂ ಇದೆ: ಈ ಮಗು ಮುದುಕನಾಗುವವರೆಗೆ ಬದುಕಲಿ. ಒಂದೇ ಪದದಲ್ಲಿ ಅಷ್ಟು ಭಯ, ಅಷ್ಟು ಆಸೆ. ಓದಿದಾಗ ನನಗೆ ಗಂಟಲು ಕಟ್ಟಿತು.

ಹೆಸರು ಬದಲಿಸಿದರೆ ದೇವರ ಕೆಟ್ಟ ತೀರ್ಪು ತಪ್ಪುತ್ತದೆ ಎಂಬ ಮಾತು ಯೆಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಇದೆ. ಕಾಯಿಲೆ ಬಿದ್ದವರಿಗೆ ‘ಖಾಯಿಮ್’, ಅಂದರೆ ಬದುಕು, ಎಂಬ ಹೆಸರು ಸೇರಿಸುವುದೂ ಇದೇ ನಂಬಿಕೆಯಿಂದ. ‘ಜೇಯ್ಡೆ’, ಅಂದರೆ ತಾತ, ಎಂದೂ ಮಕ್ಕಳಿಗೆ ಹೆಸರಿಡುತ್ತಿದ್ದರು.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಯಿಡ್ಡಿಷ್ ಲೇಖಕ, ಫೋಟೋಗ್ರಾಫರ್ ಆಲ್ಟರ್ ಕಾಟ್ಸಿಜ್ನೆ (1885–1941) ಅವರಿಗೆ ಇದು ಹೆಸರು. ಆದರೆ ‘ಆಲ್ಟರ್ ರೆಬ್ಬೆ’ ಎಂದಾಗ ಇದು ಬರೀ ವಿಶೇಷಣ, ಹಿರಿಯ ಗುರು ಎಂದರ್ಥ. ಯೆಹೂದಿಗಳ ಹಬಾದ್ ಎಂಬ ಪಂಥ ಕಟ್ಟಿದ ಷ್ನೇಯರ್ ಜಾಲ್ಮನ್ ಅವರನ್ನು ಹಾಗೆ ಕರೆಯುತ್ತಾರೆ.

ನಮ್ಮಲ್ಲೂ ಮಕ್ಕಳು ಉಳಿಯದ ಮನೆಯವರು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು, ಅಲ್ವಾ? ಅಲ್ಲಿ ಮಗು ಬೇಡದ ವಸ್ತು, ಯಿಡ್ಡಿಷ್‌ನಲ್ಲಿ ಅದು ಆಗಲೇ ಬಾಳಿ ಮುಗಿಸಿದ ಮುದುಕ. ಉಪಾಯ ಬೇರೆ, ಸಂಕಟ ಒಂದೇ.

ಈಗ ನನ್ನ ಪ್ರಶ್ನೆ. ಉತ್ತರ ಕರ್ನಾಟಕದ ಕಡೆ ಮುದುಕಪ್ಪ ಎಂಬ ಹೆಸರಿದೆ. ಅದು ಸುಮ್ನೆ ಅಜ್ಜನ ನೆನಪಿಗೆ ಇಟ್ಟಿದ್ದೋ, ಆಲ್ಟರ್‌ನಂತೆ ಮಗುವನ್ನು ಉಳಿಸಿಕೊಳ್ಳಲು ಇಟ್ಟಿದ್ದೋ? ನಿಮ್ಮ ಮನೆತನದಲ್ಲಿ ಈ ಹೆಸರಿದ್ದರೆ, ಹಿರಿಯರನ್ನು ಕೇಳಿ ಬರೆಯುತ್ತೀರಾ?