ಮಗನನ್ನು ಕಳೆದುಕೊಂಡ ತಾಯಿಗೆ ಓದಿ ಹೇಳಬಹುದಾದ ಕನ್ನಡ ಕವಿತೆ ಯಾವುದು?

ಪ್ರಶ್ನೆ:
ನನ್ನ ಅಕ್ಕನ ಮಗ ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡು ಮೂರು ತಿಂಗಳಾಯಿತು. ಅವನ ಶಾಲೆಯ ಷೂಗಳು ಈಗಲೂ ಬಾಗಿಲ ಪಕ್ಕದಲ್ಲೇ ಇವೆ. ಅಕ್ಕ ದಿನಾ ಬೆಳಿಗ್ಗೆ ಅವನ್ನು ಒರೆಸಿ ಅಲ್ಲೇ ಇಡುತ್ತಾಳೆ. ಬಂದವರೆಲ್ಲ "ಹುಟ್ಟಿದವರು ಸಾಯಲೇಬೇಕಲ್ಲ" ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಅವಳು ತಲೆಯಾಡಿಸುತ್ತಾಳೆಯೇ ಹೊರತು ಅಳುವುದಿಲ್ಲ. ಮೊದಲಿನಿಂದಲೂ ಹಳಗನ್ನಡವನ್ನು ಪ್ರೀತಿಯಿಂದ ಓದಿಕೊಂಡು ಬಂದವಳು. ಅವಳ ಪಕ್ಕ ಕುಳಿತು ಓದಬಹುದಾದ ಪದ್ಯಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ನಂದಿಸೇನ ಮುನಿಯ ಶಾಸನವನ್ನು ಓದಿ. ಸಿರಿ, ರೂಪ, ವೈಭವಗಳೆಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಬೇಗನೆ ಕರಗುವುವು, ಈ ನೆಲದ ಮೇಲಿನ ಇರವನ್ನು ನಾನು ಮೆಚ್ಚೆನು ಎಂದು ಆ ಮುನಿ ಸನ್ಯಸನವನ್ನು, ಎಂದರೆ ಆಹಾರ ತೊರೆದು ಸಾವನ್ನು ಬರಮಾಡಿಕೊಳ್ಳುವ ಜೈನ ವ್ರತವನ್ನು, ಕೈಗೊಂಡನೆಂದು ಅದು ಹೇಳುತ್ತದೆ. ಸಾವನ್ನು ಇಷ್ಟು ನಿರಾಳವಾಗಿ ಕಂಡ ಪದ್ಯ ನನಗೆ ಬೇರೆ ಸಿಕ್ಕಿಲ್ಲ.

ಉತ್ತರ 2:
ಆ ಪದ್ಯ ನನಗೂ ಪ್ರಿಯವೇ, ಆದರೆ ಅಲ್ಲಿ ಸಾವನ್ನು ಒಪ್ಪಿಕೊಂಡವನು ಸಾಯುವವನೇ. ಹಿಂದೆ ಉಳಿದವರ ಸಂಕಟಕ್ಕೆ ಅದರಲ್ಲಿ ಜಾಗವಿಲ್ಲ. ನಿಮ್ಮ ಅಕ್ಕನಿಗೆ ರನ್ನನ 'ಗದಾಯುದ್ಧ'ವನ್ನು ಓದಿ. ರಣರಂಗದಲ್ಲಿ ಮಗ ಲಕ್ಷಣಕುಮಾರನ ಹೆಣವನ್ನು ಕಂಡ ದುರ್ಯೋಧನ, ತಂದೆಗೆ ಮಗ ಜಲಾಂಜಲಿ ಕೊಡುವುದು ಉಚಿತ, ಅದು ಕೆಟ್ಟು ನಿನಗೆ ನಾನು ಕೊಡುವಂತಾಯಿತೇ, ನೀನು "ಕ್ರಮವಿಪರ್ಯಯಂ" ಮಾಡಬಹುದೇ, ಎಂದರೆ ಕ್ರಮವನ್ನು ತಲೆಕೆಳಗು ಮಾಡಬಹುದೇ ಎಂದು ಕೇಳುತ್ತಾನೆ. ಮಗ ಮನೆಯಲ್ಲಿ ಏನೋ ತಪ್ಪು ಮಾಡಿದಾಗ ಗದರಿಸುವ ತಂದೆಯ ದನಿಯೇ ಅದು, ಕೇಳಿಸಿಕೊಳ್ಳಬೇಕಾದವನು ಮಾತ್ರ ಇಲ್ಲ. ಸತ್ತವರ ಮೇಲೆ ಬರುವ ಸಿಟ್ಟನ್ನು ಹತ್ತನೆಯ ಶತಮಾನದ ಕವಿ ಮುಚ್ಚಿಡದೆ ಬರೆದಿದ್ದಾನೆ.

ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕವಿತೆಯನ್ನೂ ಮರೆಯಬೇಡಿ. ಮಗುವಿನ ಸಾವಿನ ಮುಂದೆ ಗಂಡ ಹೆಂಡತಿಗೆ ಆಡುವ ಮಾತದು. ಅವನು ವೇದಾಂತ ಹೇಳುವುದಿಲ್ಲ. ಅತ್ತರೆ ಅತ್ತುಬಿಡು, ನಗುವಿನಲ್ಲಿ ದುಃಖವನ್ನು ಮರೆಸಬೇಡ, ತುಟಿ ಕಚ್ಚಿ ಬಿಕ್ಕನ್ನು ತಡೆಯಬೇಡ ಎಂದು ಬೇಡಿಕೊಳ್ಳುತ್ತಾನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ರನ್ನನ ಪದ್ಯವನ್ನು ಓದಿದೆ. ಅಕ್ಕ ಮತ್ತೊಮ್ಮೆ ಓದಿಸಿಕೊಂಡು, "ಅವನಿಗೂ ಮಗನ ಮೇಲೆ ಸಿಟ್ಟು ಬಂದಿತ್ತಲ್ಲ" ಎಂದಳು. ಬೇಂದ್ರೆಯವರ ಕವಿತೆಯನ್ನು ನಾನು ಓದಲಿಲ್ಲ; ಬರೆದು ಭಾವನ ಕೈಗೆ ಕೊಟ್ಟಿದ್ದೇನೆ.